ಮೇಜಿನ ಮೇಲಿಟ್ಟರೂ ತಿರುಗುತ್ತಿದ್ದ ಹೆಡ್‌ಸೆಟ್

ಐಟಿಐ ಹುಡುಗರ ತರಬೇತಿಗೆಂದು ನಮ್ಮ ಪುಟ್ಟ ತಂಡ ಕಡಿಮೆ ಬೆಲೆಯ ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡು, ತಲೆ ತಿರುಗಿಸಿದಂತೆ ಸುತ್ತಲಿನ ಕೃತಕ ದೃಶ್ಯ ನೋಡುವ ಸಾಧನ) ಮಾಡುತ್ತಿತ್ತು. ತಲೆ ಯಾವ ಕಡೆ ತಿರುಗಿದೆ ಎಂದು ಹೇಳುವ ಸೆನ್ಸರ್ ಕೆಲಸ ನನ್ನದು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಎಂಪಿಯು-6050 ಎಂಬ ಸೆನ್ಸರ್ ಬೋರ್ಡ್‌ಗಳನ್ನು ತಂದೆವು. ತಿರುಗುವ ವೇಗ ಅಳೆಯುವ ಗೈರೋ, ಗುರುತ್ವಾಕರ್ಷಣೆಯ ದಿಕ್ಕು ತಿಳಿಸುವ ಆಕ್ಸಿಲೆರೋಮೀಟರ್ ಎರಡೂ ಒಂದೇ ಚಿಪ್‌ನಲ್ಲಿರುತ್ತವೆ.

ಎರಡು ನಿಮಿಷದ ಡೆಮೊಗಳೆಲ್ಲ ಚೆನ್ನಾಗಿಯೇ ನಡೆದವು. ಆಮೇಲೆ ಒಬ್ಬ ಹುಡುಗ ಹತ್ತು ನಿಮಿಷ ಹಾಕಿಕೊಂಡ. ಹೆಡ್‌ಸೆಟ್ಟಿನೊಳಗೆ ಅವನ ಮುಂದೆ ಕಾಣಬೇಕಾದ ಪ್ಯಾನೆಲ್ ಮೆಲ್ಲಗೆ ಎಡಕ್ಕೆ ಸರಿಯುತ್ತಿತ್ತು. ಅವನೂ ಅದರ ಜೊತೆ ಸ್ವಲ್ಪ ಸ್ವಲ್ಪವೇ ಕುರ್ಚಿ ತಿರುಗಿಸುತ್ತಾ ಹೋದ. ಹೆಡ್‌ಸೆಟ್ ತೆಗೆದಾಗ ಗೋಡೆಗೆ ಮುಖ ಮಾಡಿ ಕೂತಿದ್ದ. ಅವನಿಗೆ ತಲೆ ಸುತ್ತು ಬಂದಿತ್ತು. ಅದನ್ನು ನೋಡಿ ನನಗೆ ತುಂಬಾ ಬೇಜಾರಾಯಿತು.

ಅವತ್ತು ಸಂಜೆ ಹೆಡ್‌ಸೆಟ್ಟನ್ನು ಸುಮ್ನೆ ಮೇಜಿನ ಮೇಲಿಟ್ಟು ನಂಬರ್ ನೋಡುತ್ತಾ ಕೂತೆ. ಮೇಲೆ-ಕೆಳಗೆ ಬಾಗುವ ಕೋನ, ಪಕ್ಕಕ್ಕೆ ವಾಲುವ ಕೋನ ಅಲುಗಲಿಲ್ಲ. ಎಡ-ಬಲ ತಿರುಗುವ ‘ಯಾ’ (yaw) ಕೋನ ಮಾತ್ರ ಹತ್ತು ನಿಮಿಷದಲ್ಲಿ 42 ಡಿಗ್ರಿ ಓಡಿತ್ತು. ಸೆಕೆಂಡಿಗೆ ಬರೀ 0.07 ಡಿಗ್ರಿ ತಪ್ಪು, ಆದರೆ ಅದು ಕೂಡುತ್ತಲೇ ಹೋಗುತ್ತದೆ. ಬಾಗುವಿಕೆಯ ತಪ್ಪನ್ನು ಗುರುತ್ವಾಕರ್ಷಣೆ ನೋಡಿ ತಿದ್ದಬಹುದು. ‘ಯಾ’ ಕೋನಕ್ಕೆ ಆ ಆಸರೆ ಇಲ್ಲ. ಈ ಎರಡು ಅಳತೆಗಳನ್ನು ಬೆರೆಸುವ ಲೆಕ್ಕ (ಫಿಲ್ಟರ್) ಎಷ್ಟೇ ಒಳ್ಳೆಯದಿರಲಿ, ಇದು ಬದಲಾಗಲ್ಲ.

2013ರ ವಿಆರ್ ಹೆಡ್‌ಸೆಟ್ ಆಕ್ಯುಲಸ್ ರಿಫ್ಟ್ ಡಿಕೆ1ರಲ್ಲಿ ಇದಕ್ಕೆಂದೇ ಮ್ಯಾಗ್ನೆಟೋಮೀಟರ್, ಅಂದರೆ ದಿಕ್ಸೂಚಿಯಂತೆ ಕೆಲಸ ಮಾಡುವ ಸೆನ್ಸರ್, ಇತ್ತು. ನಾವೂ ಒಂದು ಹಾಕಿ ನೋಡಿದೆವು. ವರ್ಕ್‌ಶಾಪ್ ತುಂಬಾ ಕಬ್ಬಿಣದ ಮೇಜುಗಳು, ಕಿವಿಯ ಹತ್ತಿರ ಸ್ಪೀಕರಿನ ಅಯಸ್ಕಾಂತ. ಅಲ್ಲಿ ಅದನ್ನು ನಂಬುವ ಹಾಗಿರಲಿಲ್ಲ.

ನಿಜವಾದ ಕಾರಣ ಬಿಸಿ. ಆನ್ ಮಾಡಿದ ತಕ್ಷಣ, ಚಿಪ್ ತಣ್ಣಗಿರುವಾಗ, ನಾನು ಗೈರೋದ ಸೊನ್ನೆಯನ್ನು, ಅಂದರೆ ಅಲುಗದಿರುವಾಗ ಅದು ತೋರಿಸುವ ಸಂಖ್ಯೆಯನ್ನು, ಅಳೆದು ಇಟ್ಟುಕೊಳ್ಳುತ್ತಿದ್ದೆ. ಚಿಪ್‌ನ ಪಕ್ಕದಲ್ಲೇ, ಕೆಲಸ ಮಾಡುತ್ತಾ ಬಿಸಿಯಾಗುವ ವೋಲ್ಟೇಜ್ ರೆಗ್ಯುಲೇಟರ್ ಕೂತಿತ್ತು. ಚಿಪ್ ತನ್ನ ಉಷ್ಣಾಂಶವನ್ನೂ ಕೊಡುತ್ತದೆ: ಬಂದ ಸಂಖ್ಯೆಯನ್ನು 340ರಿಂದ ಭಾಗಿಸಿ 36.53 ಕೂಡಿದರೆ ಆಯ್ತು. ಅದು 27ರಿಂದ 38 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತಿದ್ದ ಹಾಗೆ ಸೊನ್ನೆಯೂ ಜಾಗ ಬಿಟ್ಟಿತ್ತು. ಈ ಸಂಖ್ಯೆ ಮೊದಲ ದಿನದಿಂದಲೂ ನನ್ನ ಕೈಯಲ್ಲೇ ಇತ್ತು, ನಾನೇ ಓದಿರಲಿಲ್ಲ.

ಸೆನ್ಸರನ್ನು ರೆಗ್ಯುಲೇಟರಿನಿಂದ ದೂರ ಸರಿಸಿದೆ. ಹೆಡ್‌ಸೆಟ್ ಅಲುಗಾಡದೆ ಇದ್ದಾಗಲೆಲ್ಲ ಸೊನ್ನೆಯನ್ನು ಹೊಸದಾಗಿ ಅಳೆಯುವ ಹಾಗೆ ಕೋಡ್ ಬರೆದೆ. ಇದರಲ್ಲೂ ಒಂದು ಪೆಟ್ಟು ತಿಂದೆ. ಎಷ್ಟು ಅಲುಗಿದರೆ ‘ಅಲುಗಾಡಿಲ್ಲ’ ಎಂದು ಎಣಿಸಬೇಕು ಎಂಬ ಮಿತಿಯನ್ನು ಸಡಿಲ ಇಟ್ಟಿದ್ದೆ. ಯಾರಾದರೂ ತೀರಾ ನಿಧಾನವಾಗಿ ತಲೆ ತಿರುಗಿಸಿದರೆ, ಕೋಡ್ ಅದನ್ನೇ ಸೊನ್ನೆ ಅಂದುಕೊಳ್ಳುತ್ತಿತ್ತು. ಆಮೇಲೆ ತಲೆ ನಿಲ್ಲಿಸಿದರೂ ಚಿತ್ರ ತಾನಾಗಿಯೇ ಜಾರುತ್ತಿತ್ತು. ಈಗ ಮಿತಿ ತುಂಬಾ ಬಿಗಿ, ಪೂರ್ತಿ ಎರಡು ಸೆಕೆಂಡ್ ನಿಶ್ಚಲವಾಗಿರಬೇಕು. ಅಂದರೆ ಹೆಚ್ಚಾಗಿ ಮೇಜಿನ ಮೇಲಿರುವಾಗ ಮಾತ್ರ.

ಅದಕ್ಕೇ ಬೆಳಿಗ್ಗೆ ಎಲ್ಲ ಹೆಡ್‌ಸೆಟ್ ಆನ್ ಮಾಡಿ, ಬಿಸಿಯಾಗುವವರೆಗೆ ಮೇಜಿನ ಮೇಲೆ ಬಿಡುತ್ತೇವೆ. ಹತ್ತು ನಿಮಿಷಕ್ಕೆ ಈಗ ಮೂರು ಡಿಗ್ರಿ ಜಾರುತ್ತದೆ. ಆ ಮೂರಕ್ಕೆ ಬಲಗಡೆ ಒಂದು ಬಟನ್ ಇಟ್ಟಿದ್ದೇವೆ. ನೇರ ನೋಡುತ್ತಾ ಒತ್ತಿದರೆ ಪ್ಯಾನೆಲ್ ಮತ್ತೆ ಮುಂದೆ ಬರುತ್ತದೆ.