ಅಂಗನವಾಡಿ ಮಕ್ಕಳ ತರಕಾರಿ ಕೊಯ್ಲಿಗೆ ಹೋಗುವ ಮುಂಚೆ

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೈವಳಿಕೆ ಕಡೆ ಭತ್ತ ಕೊಯ್ದ ಮೇಲೆ ನೀರಿನ ಅನುಕೂಲ ಇರುವ ಗದ್ದೆಗಳಲ್ಲಿ ತರಕಾರಿ ಹಾಕುತ್ತಾರೆ. ಮಕ್ಕಳನ್ನು ಕರೆದೊಯ್ಯಲು ಫೆಬ್ರವರಿ ಒಳ್ಳೆಯದು. ಓಣಂ ಹೊತ್ತಿಗೂ ತರಕಾರಿ ಇರುತ್ತದೆ, ಆದರೆ ಮಳೆಗೆ ಜಾರುವ ಹುಣಿಯ (ಗದ್ದೆಬದುವಿನ) ಮೇಲೆ ನಾಲ್ಕು ವರ್ಷದವರನ್ನು ನಡೆಸುವ ಸಾಹಸ ಯಾಕೆ? ಯಾರ ಗದ್ದೆಯಲ್ಲಿ ಏನಿದೆ ಎಂದು ಕೃಷಿಭವನದಲ್ಲಿ, ಅಂದರೆ ಊರಿನ ಕೃಷಿ ಕಚೇರಿಯಲ್ಲಿ, ವಿಚಾರಿಸಿ. ಬೆಳಗ್ಗೆ ಎಂಟೂವರೆಗೆ ಹೋಗಿ ಹತ್ತಕ್ಕೆ ಹೊರಟುಬಿಡಬೇಕು. ಕೊಯ್ಲಿಗೆ ಮುಕ್ಕಾಲು ಗಂಟೆ ಧಾರಾಳ.

ಹೋಗುವ ದಿನವನ್ನು ಬೆಳೆಗಾರರ ಜತೆ ಮೊದಲೇ ಮಾತಾಡಿ ನಿಶ್ಚಯಿಸಿ. ಬೆಂಡೆ ಹೂ ಬಿಟ್ಟ ಐದಾರು ದಿನಕ್ಕೆ ಹದಕ್ಕೆ ಬರುತ್ತದೆ, ಎರಡು ದಿನಕ್ಕೊಮ್ಮೆ ಕೊಯ್ಯದಿದ್ದರೆ ನಾರಾಗುತ್ತದೆ. "ಮಕ್ಕಳು ಬರ್ತಾರಲ್ಲ" ಅಂತ ಪ್ರೀತಿಯಿಂದ ಒಂದು ವಾರ ಕೊಯ್ಯದೆ ಬಿಡುವವರಿದ್ದಾರೆ. ಆಮೇಲೆ ಅಷ್ಟೂ ಕಾಯಿ ಬಲಿತು ದನಕ್ಕೆ ಹೋಗುತ್ತದೆ. ಎರಡು ದಿನ ಮೊದಲು ಎಂದಿನಂತೆ ಕೊಯ್ದು, ಆಮೇಲೆ ನಾಲ್ಕು ಸಾಲು ಮಾತ್ರ ಮುಟ್ಟದೆ ಇಡಲು ಹೇಳಿ. ಇಪ್ಪತ್ತು ಮಕ್ಕಳಿಗೆ ತಲಾ ಐದು ಬೆಂಡೆ, ಒಂದು ಹಿಡಿ ಅಲಸಂಡೆ, ಎರಡು ಬುಡ ಹರಿವೆ (ದಂಟಿನ ಸೊಪ್ಪು) ಸಿಕ್ಕಿದರೆ ಸಾಕು. ಬೆಂಡೆಯೆಂದರೆ ಒಟ್ಟು ನೂರು ಕಾಯಿ, ಹೆಚ್ಚೆಂದರೆ ಎರಡು ಕಿಲೋ.

ಮೂರು ವರ್ಷದ ಕೈಗೆ ಹರಿವೆಯಷ್ಟು ಹೇಳಿ ಮಾಡಿಸಿದ್ದು ಬೇರೆ ಇಲ್ಲ. ಬಿತ್ತಿ ಇಪ್ಪತ್ತೈದರಿಂದ ಮೂವತ್ತು ದಿನಕ್ಕೆ ಬುಡಸಮೇತ ಕೀಳಬಹುದು. ಹಿಂದಿನ ಸಂಜೆ ನೀರು ಬಿಟ್ಟಿರಬೇಕು. ಮಣ್ಣು ಒಣಗಿದ್ದರೆ ದಂಟು ತುಂಡಾಗಿ ಬೇರು ಅಲ್ಲೇ ಉಳಿಯುತ್ತದೆ, ಮಗು ಹಿಂದಕ್ಕೆ ಬೀಳುತ್ತದೆ. ಅದೇ ಬೆಳಗ್ಗೆ ನೀರು ಬಿಟ್ಟರೆ ಬರೀ ಕೆಸರು.

ಅಲಸಂಡೆ ಕೊಯ್ಯುವುದನ್ನು ಮೊದಲು ದೊಡ್ಡವರು ಮಾಡಿ ತೋರಿಸಬೇಕು. ಉದ್ದನೆಯ ಹೂಕಡ್ಡಿಯ ತುದಿಯಲ್ಲಿ ಜೋಡಿ ಕಾಯಿ ನೇತಾಡುತ್ತಿರುತ್ತವೆ. ಅವುಗಳ ನಡುವೆ ಗಂಟಿನಂಥ ಜಾಗದಲ್ಲಿ ಮುಂದಿನ ಮೊಗ್ಗುಗಳಿರುತ್ತವೆ. ಎಡಗೈಯಲ್ಲಿ ಆ ಕಡ್ಡಿಯನ್ನು ಹಿಡಿದು ಬಲಗೈಯಲ್ಲಿ ಕಾಯಿಯ ತೊಟ್ಟನ್ನು ಬಗ್ಗಿಸಿದರೆ ಟಕ್ಕೆಂದು ಬರುತ್ತದೆ. ಮಕ್ಕಳು ಕಾಯಿಯ ತುದಿ ಹಿಡಿದೇ ಎಳೆಯುವುದು. ಆಗ ಕಡ್ಡಿಯೇ ಕಿತ್ತು ಬಂದು ಮುಂದಿನ ಫಸಲೂ ಹೋಯಿತು. ಕಾಳು ಉಬ್ಬಿ ಕಾಣುವ ಕಾಯಿ ಬೇಡ. ಭಾಗ್ಯಲಕ್ಷ್ಮಿಯಂಥ ಗಿಡ್ಡ ಜಾತಿ ಸಿಕ್ಕಿದರೆ ಮಕ್ಕಳ ಕೈಗೆಟುಕುತ್ತದೆ.

ಬೆಂಡೆಯ ತೊಟ್ಟು ಗಟ್ಟಿ. ಮಗು ತಿರುಚಿ ಎಳೆದರೆ ಗಿಡದ ಸಿಪ್ಪೆಯೇ ಸುಲಿದು ಬರುತ್ತದೆ. ಹಾಗಾಗಿ ಮಗು ಕಾಯಿ ಹಿಡಿಯಲಿ, ಟೀಚರ್ ಕತ್ತರಿಯಲ್ಲಿ ಕತ್ತರಿಸಲಿ. ಎಲೆಯ ಸುಂಗು ತಾಗಿದರೆ ತುರಿಕೆ. ಉದ್ದ ತೋಳಿನ ಅಂಗಿ ಹಾಕಿಸಿ. ಬದನೆಯ ತೊಟ್ಟಿನಲ್ಲಿ ಮುಳ್ಳಿರುತ್ತದೆ, ಬಿಟ್ಟುಬಿಡಿ. ಮೆಣಸಿನ ಸಾಲಿನ ಹತ್ತಿರ ಹೋಗುವುದೇ ಬೇಡ, ಆ ಕೈ ನೇರ ಕಣ್ಣಿಗೆ ಹೋಗುತ್ತದೆ. ಸಾಂಬಾರು ಸೌತೆ ಇದ್ದರೆ ಎಲೆಯಡಿ ಹುಡುಕುವ ಆಟ ಆಡಿಸಬಹುದು, ಆದರೆ ಬಳ್ಳಿ ತುಳಿದರೆ ಅಲ್ಲಿಂದ ಮುಂದಿನ ಮಿಡಿಗಳೆಲ್ಲ ಬಾಡುತ್ತವೆ. ಸಾಲಿನ ಹೊರಗೆ ಕೂರಿಸಿ, ಒಬ್ಬೊಬ್ಬರನ್ನೇ ಕರೆಯಿರಿ.

ಏನು ಸಿಂಪಡಿಸಿದ್ದೀರಿ, ಯಾವಾಗ ಎಂದು ಕೇಳಲು ಸಂಕೋಚಪಡಬೇಡಿ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು ಕಂಡ ಎಣ್ಮಕಜೆ ಗ್ರಾಮ ಇರುವ ಜಿಲ್ಲೆ ಇದು. ಆ ಪ್ರಶ್ನೆಗೆ ಇಲ್ಲಿ ಯಾರೂ ಮುನಿಸಿಕೊಳ್ಳುವುದಿಲ್ಲ. ಬೇವಿನೆಣ್ಣೆ-ಬೆಳ್ಳುಳ್ಳಿ ಮಾತ್ರ ಅಂದರೂ ಕಾಯಿಯನ್ನು ಹಸಿಯಾಗಿ ಬಾಯಿಗೆ ಹಾಕಲು ಬಿಡಬೇಡಿ. ಇದಕ್ಕಿಂತ ಮುಖ್ಯವಾದದ್ದು ಚಪ್ಪರದಲ್ಲಿ ತೂಗುವ ಗೆರಟೆ, ಅಂದರೆ ತೆಂಗಿನ ಚಿಪ್ಪು. ಹಾಗಲ, ಪಡುವಲಕ್ಕೆ ಬರುವ ಕಾಯಿನೊಣಕ್ಕೆಂದು ಗೆರಟೆಯಲ್ಲಿ ಬಾಳೆಹಣ್ಣು ಅಥವಾ ತುಳಸಿ ರಸ, ಬೆಲ್ಲ, ಜತೆಗೆ ವಿಷ ಸೇರಿಸಿ ತೂಗುಹಾಕುತ್ತಾರೆ. ಸಿಹಿ ವಾಸನೆ ಬೇರೆ. ಅವನ್ನು ಹಿಂದಿನ ದಿನವೇ ತೆಗೆಸಿ, ಇಲ್ಲವೇ ಆ ಚಪ್ಪರದ ಕೆಳಗೆ ಹೋಗಬೇಡಿ.

ನಾಲ್ಕು ಮಕ್ಕಳಿಗೆ ಒಬ್ಬ ದೊಡ್ಡವರು. ಅವರಲ್ಲದೆ ತೋಡು, ಮದಕ (ಕೆರೆ) ಅಥವಾ ಕಟ್ಟೆಯಿಲ್ಲದ ಬಾವಿಯ ಹತ್ತಿರ ನಿಲ್ಲುವುದಕ್ಕೇ ಇನ್ನೊಬ್ಬರು ಬೇಕು. ಅವರಿಗೆ ಫೋಟೋ ತೆಗೆಯುವ ಕೆಲಸ ಕೊಡಬೇಡಿ.

ಬೆಂಡೆಯನ್ನು ಒದ್ದೆ ಮಾಡದೆ ಬಟ್ಟೆಚೀಲದಲ್ಲಿ ಒಯ್ಯಿರಿ, ನೀರು ತಾಗಿದರೆ ಲೋಳೆಯಾಗುತ್ತದೆ. ಹರಿವೆಗೆ ತದ್ವಿರುದ್ಧ: ಒದ್ದೆ ಗೋಣಿಯಲ್ಲಿ ಸುತ್ತದಿದ್ದರೆ ಮಧ್ಯಾಹ್ನಕ್ಕೆ ಬಾಡುತ್ತದೆ. ಅಡಿಗೆಯಲ್ಲಿ ಅಲಸಂಡೆ ಮಕ್ಕಳ ಪಾಲಿಗಿರಲಿ, ಕತ್ತಿ ಬೇಡ, ಕೈಯಲ್ಲೇ ಮುರಿಯಬಹುದು. ಹರಿವೆಯನ್ನು ನಾಲ್ಕು ನೀರಿನಲ್ಲಿ ತೊಳೆಯಿರಿ, ಬುಡದ ಮರಳು ಸುಲಭಕ್ಕೆ ಬಿಡುವುದಿಲ್ಲ.

ದುಡ್ಡು ಅಲ್ಲೇ ಕೊಟ್ಟುಬಿಡಿ, ಮುರಿದ ಗಿಡದ ಲೆಕ್ಕವನ್ನೂ ಸೇರಿಸಿ. ಬೇಡ ಅಂತಾರೆ, ಆದರೂ ಕೊಡಿ.