ಆರೆಕ್ಸ್-7 ಕಥೆ ಎಲ್ಲಾ ಒಂದ್ ಸೀಲ್ ಮೇಲೆ ನಿಂತಿದೆ

ನಿನ್ನೆ ಮಲಗೋಕ್ ಮುಂಚೆ ಒಂದೇ ಒಂದ್ ವಿಡಿಯೋ ಅಂತ ಶುರು ಮಾಡ್ದೆ, ನೋಡ್ತಾ ನೋಡ್ತಾ ರಾತ್ರಿ ಎರಡು ಗಂಟೆ. ಜಪಾನಲ್ಲಿ ಯಾರೋ ಮಾಜ್ದಾ ಆರೆಕ್ಸ್-7 ಅನ್ನೋ ಸ್ಪೋರ್ಟ್ಸ್ ಕಾರಿನ ಇಂಜಿನ್ ಬಿಚ್ತಾ ಕೂತಿದ್ರು. ಒಳಗೆ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ಗಿರ್ರಂತ ತಿರುಗೋ, ಉಬ್ಬಿದ ಸಮೋಸ ಥರದ ಎರಡು ರೋಟರ್ ಅಷ್ಟೇ (ಅಲ್ಲಿನವ್ರು ಅದನ್ನ ಅನ್ನದುಂಡೆಗೆ ಹೋಲಿಸ್ತಾರೆ, ಅವರವರ ತಿಂಡಿ ಅವರವರಿಗೆ).

ರೋಟರಿನ ಮೂರು ಮೂಲೇಲೂ ಒಂದೊಂದು ಸಣ್ಣ ಪಟ್ಟಿ ಇರತ್ತೆ, ಅಪೆಕ್ಸ್ ಸೀಲ್ ಅಂತಾರೆ. ಕುಕ್ಕರ್ ಗ್ಯಾಸ್ಕೆಟ್ ಮಾಡೋ ಕೆಲ್ಸಾನೇ, ಆದ್ರೆ ಗ್ಯಾಸ್ಕೆಟ್ ಕೂತಲ್ಲೇ ಕೂತಿರತ್ತೆ, ಇದು ಬೆಂಕಿ ಮಧ್ಯೆ ಗೋಡೆ ಉಜ್ಕೊಂಡು ಓಡ್ತಾನೇ ಇರ್ಬೇಕು.

1961ರಲ್ಲಿ ಹಿರೋಷಿಮಾದ ಮಾಜ್ದಾ ಕಂಪನಿ (ಆಗ ಹೆಸ್ರು ತೋಯೊ ಕೋಗ್ಯೊ) ಜರ್ಮನಿಯ ಎನ್‌ಎಸ್‌ಯು ಕಂಪನಿ ಹತ್ರ ಈ ರೋಟರ್ ಇಂಜಿನ್ ಮಾಡೋಕೆ ಲೈಸೆನ್ಸ್ ತಗೊಂಡ್ ಬಂದು ಓಡಿಸಿ ನೋಡಿದ್ರೆ ಒಳಗೋಡೆ ತುಂಬಾ ಸಾಲುಸಾಲು ಗೀರು. ಅದಕ್ಕೆ ಅವ್ರಿಟ್ಟ ಹೆಸ್ರು ದೆವ್ವದ ಉಗುರಿನ ಗುರುತು! ಕೆನಿಚಿ ಯಾಮಾಮೊಟೊ ಮತ್ತೆ ಅವರ 47 ಜನರ ಟೀಮ್ ತಲೆ ಕೆಡಿಸ್ಕೊಂಡು ಕಂಡ್ಕೊಂಡಿದ್ದೇನಪ್ಪಾ ಅಂದ್ರೆ, ಸೀಲ್ ಬರೀ ಸವೀತಿಲ್ಲ, ನಡುಗ್ತಿದೆ, ನಡುಗ್ತಾ ಗೋಡೆಗೆ ಕುಟ್ತಿದೆ. ಲೋಹದ ಸೀಲಿಗೆ ಅಡ್ಡಡ್ಡ ತೂತು ಕೊರೆದು ಆ ನಡುಕದ ಲೆಕ್ಕಾನೇ ಬದಲಾಯಿಸಿದ್ರು ನೋಡಿ, ಗೀರು ನಿಲ್ತು. ಆದ್ರೆ 1967ರಲ್ಲಿ ಅವ್ರ ಮೊದಲ ರೋಟರ್ ಕಾರು ಕಾಸ್ಮೊ ಸ್ಪೋರ್ಟ್ ಮಾರಾಟಕ್ಕೆ ಬರೋವಾಗ ಆ ಲೋಹದ ಸೀಲ್ ಬಿಟ್ಟು ಕಾರ್ಬನ್ನಿಗೆ ಅಲ್ಯೂಮಿನಿಯಂ ಸೇರಿಸಿದ ಸೀಲ್ ಹಾಕಿದ್ರು.

ಇಂಜಿನ್ ಚಿಕ್ಕದಾಗಿದ್ದಕ್ಕೇ 1978ರ ಮೊದಲ ಆರೆಕ್ಸ್-7ಕ್ಕೆ ಆ ಶೇಪ್ ಬಂದಿದ್ದು. ಇಂಜಿನ್ನನ್ನ ಮುಂದಿನ ಚಕ್ರದ ಆಕ್ಸಲ್ಲಿಗಿಂತ ಹಿಂದಕ್ಕೆ ತಳ್ಳಿದ್ರು, ಮೂತಿ ತಗ್ಗಿತು, ಹೆಡ್‌ಲೈಟ್ ಬೇಕಾದಾಗ ಮಾತ್ರ ಎದ್ದು ಬರೋ ಹಾಗಾಯ್ತು. 1985ರಲ್ಲಿ ಎರಡನೇದು ಬಂತು, ಅದು ನಂಗೆ ಅಷ್ಟಕ್ಕಷ್ಟೆ. 1991ರ ಮೂರನೇದು ಇದ್ಯಲ್ಲ, ಕೋಡ್ ಹೆಸ್ರು ಎಫ್‌ಡಿ, ಒಂದು ಗೆರೆ ಜಾಸ್ತಿ ಇಲ್ಲ ಕಮ್ಮಿ ಇಲ್ಲ. 654 ಸಿಸಿದು ಎರಡು ರೋಟರ್, ಇಂಜಿನ್ನಿಗೆ ಗಾಳಿ ಒತ್ತಿ ತುಂಬೋ ಎರಡು ಟರ್ಬೊ, ಮೊದ್ಲು ಒಂದು ಊದತ್ತೆ, ಆರ್‌ಪಿಎಂ ಏರಿದ್ಮೇಲೆ ಇನ್ನೊಂದೂ ಸೇರ್ಕೊಳತ್ತೆ, 255 ಹಾರ್ಸ್‌ಪವರ್, ತೂಕ ಸುಮಾರು 1,250 ಕೆಜಿ. ಆ ಟರ್ಬೊಗಳನ್ನ ಆಡಿಸೋ ವ್ಯಾಕ್ಯೂಮ್ ಪೈಪ್‌ಗಳ ಗೋಜಲು ನೋಡಿದ್ರೆ ಮಾತ್ರ ಯಾವ ಮೆಕ್ಯಾನಿಕ್ಕೂ ಕೈ ಮುಗೀತಾನೆ.

ಪೆಟ್ರೋಲ್ ಕುಡಿಯೋದು ಸುಳ್ಳಲ್ಲ. ಉರಿಯೋ ಜಾಗ ಉದ್ದಕ್ಕೆ ತೆಳ್ಳಗಿರೋದ್ರಿಂದ ಬೆಂಕಿ ಪೂರ್ತಿ ಹರಡಲ್ಲ, ರೋಟರಿಗೆ ಎರಡೆರಡು ಪ್ಲಗ್ ಇಟ್ರೂ ಸ್ವಲ್ಪ ಪೆಟ್ರೋಲ್ ಉರೀದೆ ಹಾಗೇ ಹೊಗೆ ಕೊಳವೇಲಿ ಹೋಗತ್ತೆ. ಮೇಲಿಂದ ಸೀಲ್ ಒಣಗಬಾರ್ದು ಅಂತ ಪಂಪ್ ಒಂದು ಒಳಗೆ ಆಯಿಲ್ ಬಿಡ್ತಾನೇ ಇರತ್ತೆ, ನಮ್ಮ ಯಮಹಾ ಆರೆಕ್ಸ್ ಹಂಡ್ರೆಡ್ ಥರಾನೇ, ಹೆಸ್ರಲ್ಲೂ ಗುಣದಲ್ಲೂ ಅಣ್ಣತಮ್ಮ ಅನ್ನಿ. 2002ಕ್ಕೆ ಕಾರ್ ನಿಲ್ಸಿದ್ರು.

ವಿಡಿಯೋ ಕೊನೇಲಿ ಹಳೇ ಸೀಲ್ ಒಂದನ್ನ ಅಂಗೈ ಮೇಲಿಟ್ಟು ತೋರಿಸಿದ್ರು, ಬೆರಳುದ್ದ ಇತ್ತು, ಒಂದು ತುದಿ ಮುರಿದಿತ್ತು. ಎರಡನೇ ಭಾಗದಲ್ಲಿ ವಾಪಸ್ ಜೋಡಿಸ್ತಾರಂತೆ, ಇವತ್ತೂ ನಿದ್ದೆ ಇಲ್ಲ.