ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಿದೆ, ಸಿಐನಲ್ಲಿ ಮಾತ್ರ ಬಿಲ್ಡ್ ಏಕೆ ಕೆಡುತ್ತದೆ?

ಕಿರಿಯ ಸಹೋದ್ಯೋಗಿಗಳು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಸಿಐ ಎಂದರೆ ಕೋಡ್ ಸೇರಿಸಿದಾಗಲೆಲ್ಲ ಅದನ್ನು ತಾನಾಗಿ ಕಟ್ಟಿ (ಅದೇ ಬಿಲ್ಡ್) ಪರೀಕ್ಷಿಸುವ ವ್ಯವಸ್ಥೆ. ಕೇಳುವ ದನಿಯಲ್ಲಿ ಸಿಐ ಸರ್ವರ್ ಮೇಲೊಂದು ದೂರು ಇದ್ದೇ ಇರುತ್ತದೆ. ನನಗೆ ಮಾತ್ರ ಮೊದಲು ಅನುಮಾನ ಬರುವುದು ಲ್ಯಾಪ್‌ಟಾಪ್ ಮೇಲೆ. ಅದರಲ್ಲಿ ಏನೇನು ಇನ್‌ಸ್ಟಾಲ್ ಆಗಿದೆ, ಯಾವ ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಂಗಳು ಓದುವ ಸೆಟ್ಟಿಂಗ್) ಯಾವಾಗ ಸೇರಿತು ಎಂಬುದು ಅದರ ಒಡೆಯರಿಗೇ ನೆನಪಿರುವುದಿಲ್ಲ. ಗಿಟ್‌ಹಬ್ ಆಕ್ಷನ್ಸ್‌ ಎಂಬ ಸಿಐ ಸೇವೆ ಒದಗಿಸುವ ಯಂತ್ರವೋ ಪ್ರತಿ ಜಾಬ್‌ಗೂ ಹೊಸದಾಗಿ ಏಳುತ್ತದೆ. ನಿಮ್ಮ ಪ್ರಾಜೆಕ್ಟ್ ಬಗ್ಗೆ ಅದಕ್ಕೆ ಗೊತ್ತಿರುವುದು ನೀವು ಬರೆದು ಒಪ್ಪಿಸಿದಷ್ಟೇ.

ಲಾಗ್‌ನ ಕೊನೆಯ ಸಾಲನ್ನು ನಂಬಬೇಡಿ. ಮೇಲಕ್ಕೆ ಹೋಗಿ, ಮೊಟ್ಟಮೊದಲ ಎರರ್ ಹುಡುಕಿ. ಎಕ್ಸಿಟ್ ಕೋಡ್ (ಕಮಾಂಡ್ ಮುಗಿದಾಗ ಬಿಟ್ಟುಹೋಗುವ ಸಂಖ್ಯೆ) 127 ಆದರೆ ಕಮಾಂಡ್ ಸಿಕ್ಕಿಲ್ಲ. 126 ಆದರೆ ಸಿಕ್ಕಿದೆ, ನಡೆಸುವ ಅನುಮತಿ ಇಲ್ಲ. 137 ಬಂದರೆ ಮೆಮೊರಿ ಸಾಲದೆ ಪ್ರೋಸೆಸ್ ಕೊಲೆಯಾಗಿರುವ ಸಾಧ್ಯತೆಯೇ ಹೆಚ್ಚು.

ನನಗೆ ಬಹಳ ಇಷ್ಟವಾದ ದೋಷವೊಂದಿದೆ. 2021ರ ಅಕ್ಟೋಬರ್‌ನಲ್ಲಿ ಪೈಥಾನ್ 3.10 ಬಂದಾಗ ಅನೇಕರು ಸಿಐಗೆ ಸೂಚನೆ ಬರೆಯುವ ಯಾಮಲ್ ಫೈಲಿನಲ್ಲಿ 3.9 ಅಳಿಸಿ 3.10 ಎಂದು ಬರೆದರು. ಸಿಐ ಮಾತ್ರ ಪೈಥಾನ್ 3.1 ಸಿಗುತ್ತಿಲ್ಲ ಎಂದು ಗೊಣಗಿತು. ಉದ್ಧರಣ ಚಿಹ್ನೆ ಇಲ್ಲದ 3.10 ಯಾಮಲ್ ಕಣ್ಣಿಗೆ ದಶಮಾಂಶ ಸಂಖ್ಯೆ. ಕೊನೆಯ ಸೊನ್ನೆಗೆ ಅಲ್ಲಿ ಬೆಲೆಯಿಲ್ಲ. ಅಲ್ಲಿಯವರೆಗೆ 3.9 ನಡೆದದ್ದು ಅದೃಷ್ಟದಿಂದ. ಆವೃತ್ತಿ ಸಂಖ್ಯೆಗಳನ್ನು ಯಾವಾಗಲೂ ಉದ್ಧರಣ ಚಿಹ್ನೆಯೊಳಗೇ ಇಡಿ.

ಭಾರತದಲ್ಲಿ ಕುಳಿತು ಕೋಡ್ ಬರೆಯುವವರಿಗೆ ಇನ್ನೊಂದು ಗುಂಡಿ ಕಾದಿರುತ್ತದೆ. ಸಿಐ ಯಂತ್ರದ ಗಡಿಯಾರ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತದೆ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಇಲ್ಲಿ ಆಗಸ್ಟ್ 15ರ ನಸುಕಿನ 2 ಗಂಟೆ ಎಂದರೆ ಅಲ್ಲಿ 14ರ ರಾತ್ರಿ ಎಂಟೂವರೆ. ಇನ್‌ವಾಯ್ಸ್‌ನ ದಿನಾಂಕ 15 ಎಂದು ಕಾಯುವ ಟೆಸ್ಟ್ ಅಲ್ಲಿ ಬೀಳದೆ ಇನ್ನೇನು? ಸಿಐ ಗಡಿಯಾರವನ್ನೇ ಏಷ್ಯಾ/ಕೋಲ್ಕತ್ತಾಕ್ಕೆ ತಿರುಗಿಸಿ ಕೈತೊಳೆದುಕೊಳ್ಳುವ ಜಾಣರಿದ್ದಾರೆ. ಆದರೆ ಗ್ರಾಹಕರು ಬಳಸುವ ಪ್ರೊಡಕ್ಷನ್ ಸರ್ವರ್ ಕೂಡ ಯುಟಿಸಿಯಲ್ಲಿದ್ದರೆ ಅದೇ ತಪ್ಪು ದಿನಾಂಕ ಗ್ರಾಹಕರ ಕೈ ಸೇರುತ್ತದೆ. ಕೋಡ್‌ನಲ್ಲೇ ಟೈಮ್‌ಝೋನ್ ಸ್ಪಷ್ಟವಾಗಿ ಹೇಳಬೇಕು. ಲ್ಯಾಪ್‌ಟಾಪ್‌ನಲ್ಲಿ ಟಿಝೆಡ್ ವೇರಿಯಬಲ್‌ಗೆ ಯುಟಿಸಿ ಕೊಟ್ಟು ಟೆಸ್ಟ್ ಓಡಿಸಿದರೆ ದೋಷ ಅಲ್ಲೇ ಸಿಕ್ಕಿಬೀಳುತ್ತದೆ.

ಉಳಿದವು ಹಳೆಯ ಗಿರಾಕಿಗಳು. ಫೈಲಿನ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರದ ವ್ಯತ್ಯಾಸವನ್ನು ವಿಂಡೋಸ್ ಮತ್ತು ಮ್ಯಾಕ್ ಸಾಮಾನ್ಯವಾಗಿ ಮನ್ನಿಸುತ್ತವೆ, ಸಿಐ ಯಂತ್ರಗಳಲ್ಲಿ ಸಾಮಾನ್ಯವಾಗಿರುವ ಲಿನಕ್ಸ್ ಮನ್ನಿಸುವುದಿಲ್ಲ. ಗಿಟ್ ಟ್ಯಾಗ್‌ನಿಂದ (ಕೋಡ್ ಇತಿಹಾಸದ ಒಂದು ಬಿಂದುವಿಗೆ ಅಂಟಿಸಿದ ಹೆಸರು) ಆವೃತ್ತಿ ಸಂಖ್ಯೆ ಕಟ್ಟುವ ಸ್ಕ್ರಿಪ್ಟ್ ಕೈಕೊಟ್ಟರೆ ಕೋಡ್ ಇಳಿಸಿಕೊಳ್ಳುವ ಚೆಕ್‌ಔಟ್ ಹಂತ ನೋಡಿ: ತಾನಾಗಿ ಬಿಟ್ಟರೆ ಅದು ಒಂದೇ ಒಂದು ಕಮಿಟ್ (ಗಿಟ್‌ನಲ್ಲಿ ದಾಖಲಾದ ಒಂದು ಹೆಜ್ಜೆ) ಇಳಿಸಿಕೊಳ್ಳುತ್ತದೆ. ಫೆಚ್-ಡೆಪ್ತ್ ಸೊನ್ನೆ ಮಾಡಿದರೆ ಇಡೀ ಇತಿಹಾಸ, ಟ್ಯಾಗ್‌ಗಳ ಸಮೇತ ಬರುತ್ತದೆ.

"ನಾನು ಏನನ್ನೂ ಮುಟ್ಟಿಲ್ಲ, ಆದರೂ ಕೆಟ್ಟಿತು" ಎನ್ನುವವರ ಮಾತೂ ನಿಜವಿರಬಹುದು. ಸಿಐ ಯಂತ್ರಕ್ಕೆ ಉಬುಂಟು (ಒಂದು ಬಗೆಯ ಲಿನಕ್ಸ್) ಬೇಕೆಂದು, ಆವೃತ್ತಿ ಹೇಳದೆ ಉಬುಂಟು-ಲೇಟೆಸ್ಟ್ ಎಂದು ಬರೆದವರ ಕಾಲ ಕೆಳಗಿನ ನೆಲ 2024ರ ಡಿಸೆಂಬರ್ ಮತ್ತು 2025ರ ಜನವರಿಯ ನಡುವೆ 22.04ರಿಂದ 24.04ಕ್ಕೆ ಸರಿಯಿತು, ಮೊದಲೇ ಇರುತ್ತಿದ್ದ ಕೆಲವು ಪ್ಯಾಕೇಜ್‌ಗಳೂ ಮಾಯವಾದವು. ನಾನು ಆವೃತ್ತಿಯನ್ನು ಹೆಸರಿಸಿಯೇ ಬರೆಯುತ್ತೇನೆ. ಬದಲಾವಣೆ ನನಗೆ ಬಿಡುವಿದ್ದ ದಿನ ಆಗಲಿ, ರಿಲೀಸ್ ದಿನವಲ್ಲ.